ಕಡಲಿನ ರಜೆ, ನೆರೆಯವರ ಕ್ಯಾಲೆಂಡರ್

ಹೋದ ಸಂಚಿಕೆಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಇಟ್ಟಿದ್ದೇನೆ. ಹೊಸಬರಿಗೆ ಒಂದು ಮಾತು: ನಾನು ಮಲ್ಪೆ ಕಡೆಯವಳು. ಮೂವತ್ತು ವರ್ಷ ಬಂದರುಗಳಲ್ಲಿ ಮೀನಿನ ಲೆಕ್ಕ ಬರೆಯುವ ಕೆಲಸ ಮಾಡಿದೆ. ಯಾವ ಬೋಟು ಯಾವ ಮೀನು ಎಷ್ಟು ತಂದಿತು, ಉದ್ದ ಎಷ್ಟು, ಹೊಟ್ಟೆಯಲ್ಲಿ ಮೊಟ್ಟೆ ಇದೆಯಾ ಇಲ್ಲವಾ, ಇದೇ ನನ್ನ ದಿನದ ಕೆಲಸವಾಗಿತ್ತು.

ಪ್ರಶ್ನೆ: ಮೇಡಂ, ಜೂನ್ ಬಂತೆಂದರೆ ನಮ್ಮ ಮಾರ್ಕೆಟ್ಟಿನಲ್ಲಿ ಬಂಗುಡೆ ಮುಟ್ಟುವ ಹಾಗಿರಲ್ಲ. ನಮ್ಮ ಬೋಟುಗಳನ್ನು ಎರಡು ತಿಂಗಳು ಕಟ್ಟಿ ಹಾಕುತ್ತಾರೆ. ನಾವು ಬಿಟ್ಟ ಮೀನನ್ನು ಪಕ್ಕದ ರಾಜ್ಯದವರು ಹಿಡಿದುಕೊಂಡು ಹೋದರೆ ನಮಗೇನು ಬಂತು? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ನೀವು ಹುಬ್ಬಳ್ಳಿಯಲ್ಲಿ ಕೂತು ಕೇಳಿದ್ದನ್ನೇ ಧಕ್ಕೆಯಲ್ಲಿ (ಬಂದರಿನಲ್ಲಿ ಬೋಟು ನಿಲ್ಲುವ ಕಟ್ಟೆಯಲ್ಲಿ) ಬೋಟಿನ ಮಾಲೀಕರು ನನ್ನನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಮೊದಲು ಈ ಎರಡು ತಿಂಗಳೇ ಯಾಕೆ ಅನ್ನುವುದನ್ನು ಹೇಳಿಬಿಡುತ್ತೇನೆ.

ಮುಂಗಾರಿನ ಗಾಳಿ ಜೋರಾದಾಗ ಕರಾವಳಿಯ ಹತ್ತಿರ ಕೆಳಗಿನ ತಣ್ಣೀರು ಮೇಲಕ್ಕೆ ಬರುತ್ತದೆ. ತಳದಲ್ಲಿದ್ದ ಸಾರವೆಲ್ಲ ಅದರ ಜೊತೆ ಮೇಲೇರುತ್ತದೆ. ಬಿಸಿಲು ಬಿದ್ದ ಕೂಡಲೇ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ (ಸಾರ್ಡೀನ್) ಮೀನಿಗೆ ಅದೇ ಊಟ. ಮರಿಗೆ ಊಟ ಇರುವ ಕಾಲ ನೋಡಿಯೇ ಅದು ಮೊಟ್ಟೆ ಇಡುತ್ತದೆ. ಬೂತಾಯಿಯ ಆಯಸ್ಸು ಎರಡು, ಹೆಚ್ಚೆಂದರೆ ಎರಡೂವರೆ ವರ್ಷ. ಅಂದರೆ ಅದರ ಬದುಕಿಗೆ ಸಿಗುವುದು ಒಂದೋ ಎರಡೋ ಮಳೆಗಾಲ.

ನನ್ನ ಹತ್ತಿರ ಒಂದು ಮರದ ಹಲಗೆ ಇತ್ತು. ಒಂದು ತುದಿಗೆ ಅಡ್ಡಪಟ್ಟಿ, ಉದ್ದಕ್ಕೂ ಸೆಂಟಿಮೀಟರ್ ಗೆರೆ. ಮೀನಿನ ಮೂತಿಯನ್ನು ಅಡ್ಡಪಟ್ಟಿಗೆ ತಾಗಿಸಿ ಮಲಗಿಸಬೇಕು, ಬಾಲದ ತುದಿ ಎಲ್ಲಿಗೆ ಬಂತು ಅಂತ ನೋಡಬೇಕು. ಆಮೇಲೆ ಬ್ಲೇಡಿನಿಂದ ಹೊಟ್ಟೆ ಸೀಳುವುದು. ಫೆಬ್ರವರಿಯ ಬೂತಾಯಿಯಲ್ಲಿ ಮೊಟ್ಟೆಯ ಚೀಲ ದಾರದ ಎಳೆಯ ಹಾಗೆ ಇರುತ್ತದೆ. ಜೂನ್ ಮೊದಲ ವಾರ, ನಿಷೇಧದಿಂದ ವಿನಾಯಿತಿ ಇರುವ ಸಣ್ಣ ನಾಡದೋಣಿಯವರು ತಂದ ಬೂತಾಯಿ ಸೀಳಿದರೆ ಹಳದಿ ಬಣ್ಣದ ಎರಡು ಚೀಲ ಹೊಟ್ಟೆ ತುಂಬಾ ತುಂಬಿಕೊಂಡಿರುತ್ತಿತ್ತು. ಬೆರಳು ತಾಗಿದರೆ ಸಾಕು, ರವೆಯ ಹಾಗೆ ಮೊಟ್ಟೆ ಉದುರುತ್ತಿತ್ತು. ಒಂದು ಬುಟ್ಟಿ ಬೂತಾಯಿಯಲ್ಲಿ ಎಷ್ಟು ಬುಟ್ಟಿ ಹೋಯಿತು ಅಂತ ಆಗ ಅನಿಸುತ್ತಿತ್ತು.

ಈಗ ನಿಮ್ಮ ನೆರೆಯವರ ಮಾತಿಗೆ ಬರೋಣ. ನಾವು ಬೂತಾಯಿ ಅನ್ನುತ್ತೇವೆ. ಕಾರವಾರ, ಗೋವಾದ ಕಡೆ ತಾರ್ಲೆ. ಮಹಾರಾಷ್ಟ್ರಕ್ಕೆ ಹೋದರೆ ತಾರ್ಲಿ. ಕೇರಳದಲ್ಲಿ ಮತ್ತಿ. ಹೆಸರು ನಾಲ್ಕು, ಮೀನು ಒಂದೇ. ಗುಂಪು ಕಟ್ಟಿಕೊಂಡು ಊಟ ಇರುವ ಕಡೆ ಹೋಗುವ ಜೀವಿ ಅದು. ನಮಗೂ ಕೇರಳಕ್ಕೂ ನಡುವಿನ ತಲಪಾಡಿಯ ಗಡಿಗೆ ಬಂದಾಗ ನಿಂತು ಯೋಚನೆ ಮಾಡಲ್ಲ. ಹಾಗಾಗಿ ಒಂದು ರಾಜ್ಯ ಮಾತ್ರ ಬೋಟು ಕಟ್ಟಿದರೆ ಪ್ರಯೋಜನ ಅಷ್ಟಕ್ಕಷ್ಟೆ. ನೀವು ಹೇಳಿದ್ದು ಅಷ್ಟರ ಮಟ್ಟಿಗೆ ನೂರಕ್ಕೆ ನೂರು ನಿಜ.

ಕೆಲಸ ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕೇರಳದ ಲೆಕ್ಕ ನೋಡಿ. 2012ರಲ್ಲಿ ಅಲ್ಲಿ ಸಿಕ್ಕಿದ ಮತ್ತಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಬರೀ 3,297 ಟನ್. ಈ ಅಂಕಿ ಮೊದಲು ಓದಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡು ಇನ್ನೊಮ್ಮೆ ನೋಡಿದೆ. ತಪ್ಪಿರಲಿಲ್ಲ. ಸಮುದ್ರದ ಬಿಸಿ, ಊಟದ ಏರುಪೇರು ಒಂದು ಕಾರಣ. ಮರಿ, ಮೊಟ್ಟೆಯ ಮೀನು ಅನ್ನದೆ ಹಿಡಿದದ್ದು ಇನ್ನೊಂದು. ವಿಜ್ಞಾನಿಗಳು ಎರಡನ್ನೂ ಹೇಳುತ್ತಾರೆ. ಸಮುದ್ರದ ಬಿಸಿಯನ್ನು ಧಕ್ಕೆಯಲ್ಲಿ ನಿಂತು ಇಳಿಸುವುದಕ್ಕೆ ಆಗಲ್ಲ. ಎರಡನೆಯದು ನಮ್ಮ ಕೈಯಲ್ಲಿದೆ.

ಕಾನೂನು ಹೀಗಿದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ತನಕ ಆಯಾ ರಾಜ್ಯದ ಮಾತು ನಡೆಯುತ್ತದೆ. ಅದರಾಚೆ 200 ನಾಟಿಕಲ್ ಮೈಲಿವರೆಗೆ ಕೇಂದ್ರದ್ದು. 2015ರಿಂದ ಕೇಂದ್ರ ನಿಷೇಧವನ್ನು 61 ದಿನಕ್ಕೆ ಏರಿಸಿತು. ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31, ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14. ಕರ್ನಾಟಕ ಅದೇ 61 ದಿನ ಪಾಲಿಸುತ್ತದೆ. 1988ರಲ್ಲೇ ಮಳೆಗಾಲದ ಟ್ರಾಲಿಂಗ್ (ಬೋಟಿನ ಹಿಂದೆ ಬಲೆ ಎಳೆದು ಮೀನು ಹಿಡಿಯುವುದು) ನಿಲ್ಲಿಸಿದ ಕೇರಳ ತನ್ನ 12 ಮೈಲಿಯೊಳಗೆ 52 ದಿನ ಇಟ್ಟುಕೊಂಡಿದೆ. ಅಲ್ಲಿ ಶುರುವಾಗುವುದು ಜೂನ್ 9ರ ಮಧ್ಯರಾತ್ರಿಗೆ. ಉಳಿದ ಆ ಒಂಬತ್ತು ದಿನ ನಮ್ಮ ಬೋಟುಗಳ ಎಂಜಿನ್ ತಣ್ಣಗಿರುತ್ತದೆ, ಗಡಿಯಾಚೆ ಎಂಜಿನ್ ಸದ್ದು ಕೇಳುತ್ತದೆ. ನಿಮ್ಮ ಸಿಟ್ಟು ಹುಟ್ಟುವುದು ಇಲ್ಲಿ. ಒಂಬತ್ತು ದಿನದ ಮೀನಿಗಿಂತ ಹೆಚ್ಚು ನಷ್ಟ ಆಗುವುದು ನಂಬಿಕೆಗೆ. ‘ಅವರು ಹೋಗ್ತಾರೆ, ನಾವ್ಯಾಕೆ ಸುಮ್ನೆ ಕೂತ್ಕೊಬೇಕು’ ಅನ್ನುವ ಮಾತು ಒಬ್ಬರ ಬಾಯಿಂದ ಬಂದರೆ ಇಡೀ ಧಕ್ಕೆಗೆ ಹರಡುತ್ತದೆ. ನನ್ನನ್ನು ಕೇಳಿದರೆ ಗುಜರಾತಿನಿಂದ ಕನ್ಯಾಕುಮಾರಿವರೆಗೆ ಒಂದೇ ತಾರೀಖು ಇರಬೇಕು. ಅದಕ್ಕೆ ರಾಜ್ಯಗಳು ಒಂದೇ ಮೇಜಿನ ಸುತ್ತ ಕೂರಬೇಕು, ಕೂರುವಾಗ ಮೀನುಗಾರರನ್ನೂ ಕೂರಿಸಿಕೊಳ್ಳಬೇಕು.

ಹೀಗೆ ಒಟ್ಟಿಗೆ ರಜೆ ಹಾಕುವುದು ಹೊಸದಲ್ಲ ಕೂಡ. ನಮ್ಮ ಕಡೆ ಸಮುದ್ರ ಪೂಜೆ ಮಾಡಿ, ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುತ್ತಿದ್ದರು. ನಮ್ಮ ನೂಲ ಹುಣ್ಣಿಮೆಯ ದಿನವೇ ಮಹಾರಾಷ್ಟ್ರದ ಕೋಳಿ ಅನ್ನುವ ಮೀನುಗಾರ ಸಮುದಾಯದವರು ನಾರಳಿ ಪೂರ್ಣಿಮೆ ಮಾಡಿ ಕಡಲಿಗೆ ತೆಂಗಿನಕಾಯಿ ಬಿಡುತ್ತಾರೆ. ಯಾವ ಸರಕಾರದ ಸುತ್ತೋಲೆಯೂ ಇಲ್ಲದೆ ಇಡೀ ಕರಾವಳಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ರಜೆ ಹಾಕಿ, ಒಂದೇ ಕಾಲಕ್ಕೆ ಕೆಲಸಕ್ಕೆ ಇಳಿಯುತ್ತಿತ್ತು.

ಪ್ರಶ್ನೆ: ಅಕ್ಕಾ, ನಾನು ಕುಂದಾಪುರದವ, ದುಬೈಯಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಆಗಸ್ಟ್ ಅರ್ಧದಿಂದ ಅಕ್ಟೋಬರ್ ಅರ್ಧದವರೆಗೆ ಇಲ್ಲಿ ತಾಜಾ ಅಂಜಲ್ ಸಿಗುವುದೇ ಇಲ್ಲ. ಮಸ್ಕತ್‌ನಲ್ಲಿರುವ ತಮ್ಮನೂ ಹಾಗೇ ಹೇಳುತ್ತಾನೆ. ಇಲ್ಲೂ ನಮ್ಮ ಹಾಗೆ ನಿಷೇಧವಾ?

ಉತ್ತರ: ಹೌದು ತಮ್ಮ. ನಿಮ್ಮಲ್ಲಿ ಅದನ್ನು ಕಿಂಗ್‌ಫಿಶ್ ಅನ್ನುತ್ತಾರೆ, ಅರಬ್ಬಿಯಲ್ಲಿ ಕನಾದ್. ಆಗಸ್ಟ್ 15ರಿಂದ ಅಕ್ಟೋಬರ್ 15ರ ತನಕ ಅದನ್ನು ಹಿಡಿಯುವಂತಿಲ್ಲ. ಯುಎಇ, ಒಮಾನ್ ಎರಡರಲ್ಲೂ ಅದೇ ತಾರೀಖು. ನಿನಗೂ ನಿನ್ನ ತಮ್ಮನಿಗೂ ಒಂದೇ ದಿನ ಮೀನು ನಿಂತದ್ದು ಅದಕ್ಕೇ. ಗಲ್ಫ್ ಸಹಕಾರ ಮಂಡಳಿಯ ದೇಶಗಳು ಮಾತಾಡಿಕೊಂಡು ಮಾಡಿದ ಏರ್ಪಾಡು ಇದು. ಅಂಜಲ್ ಆ ನೀರಿನಲ್ಲಿ ದೂರ ದೂರ ಓಡಾಡುವ ಮೀನು. ಒಂದು ದೇಶ ಬಿಟ್ಟದ್ದನ್ನು ಇನ್ನೊಂದು ದೇಶ ವಾರದೊಳಗೆ ಹಿಡಿಯಬಹುದು. ಇಡೀ ಸಮುದ್ರ ಮುಚ್ಚುವ ಬದಲು ಒಂದೇ ಮೀನಿಗೆ ರಜೆ ಕೊಟ್ಟದ್ದು ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ ಬಲೆಗೆ ನೂರು ಜಾತಿ ಒಟ್ಟಿಗೆ ಬೀಳುತ್ತದೆ, ಹಾಗಾಗಿ ಅಷ್ಟು ಸುಲಭವಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿ. ಪರ್ಶಿಯನ್ ಕೊಲ್ಲಿಯನ್ನು ತೈಲದ ಕೊಳೆಯಿಂದ ಕಾಪಾಡಬೇಕು ಅಂತ 1978ರಲ್ಲೇ ಕುವೈತ್‌ನಲ್ಲಿ ಎಂಟು ದೇಶ ಸೇರಿ ಒಪ್ಪಂದ ಮಾಡಿಕೊಂಡವು. ಅದರಲ್ಲಿ ಇರಾನ್, ಇರಾಕ್ ಎರಡೂ ಇದ್ದವು. ಎರಡೇ ವರ್ಷಕ್ಕೆ ಅವುಗಳ ನಡುವೆ ಯುದ್ಧ ಶುರುವಾಯಿತು, ಎಂಟು ವರ್ಷ ನಡೆಯಿತು. ಆದರೂ ಒಪ್ಪಂದ ಉಳಿಯಿತು.

ಪ್ರಶ್ನೆ: ದೇಶ ದೇಶಗಳ ನಡುವೆ ಇಂಥದ್ದು ನಮ್ಮ ಉಪಖಂಡದಲ್ಲಿ ಆಗಿದೆಯಾ? ಸೆಮಿನಾರ್ ಪ್ರಬಂಧಕ್ಕೆ ಬೇಕಿತ್ತು. (ಪದವಿ ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಆಗಿದೆ ಮಗಳೇ, ಅದೂ ಇತ್ತೀಚೆಗೆ. ಬಾಂಗ್ಲಾದೇಶ ಮೊದಲು ಮೇ 20ರಿಂದ ಜುಲೈ 23ರವರೆಗೆ 65 ದಿನ ಸಮುದ್ರ ಮುಚ್ಚುತ್ತಿತ್ತು. ನಮ್ಮ ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ. ಲೆಕ್ಕ ಹಾಕು. ಸುಮಾರು 39 ದಿನ ಅವರ ಬೋಟು ದಡದಲ್ಲಿ, ನಮ್ಮ ಬೋಟು ನೀರಿನಲ್ಲಿ. ನಮ್ಮ ಮೀನು ಭಾರತದವರ ಪಾಲಾಗುತ್ತಿದೆ ಅಂತ ಅಲ್ಲಿನ ಮೀನುಗಾರರು ವರ್ಷಗಟ್ಟಲೆ ಗೋಳಾಡಿದರು. ಹುಬ್ಬಳ್ಳಿಯ ಓದುಗರ ಪ್ರಶ್ನೆಯನ್ನೇ ಅವರು ಬಂಗಾಳಿಯಲ್ಲಿ ಕೇಳಿದರು, ಅಷ್ಟೆ. ಕೊನೆಗೆ 2025ರಲ್ಲಿ ಬಾಂಗ್ಲಾದೇಶ ತಾರೀಖು ಬದಲಿಸಿತು. ಈಗ ಏಪ್ರಿಲ್ 15ರಿಂದ ಜೂನ್ 11, ಒಟ್ಟು 58 ದಿನ. ಎರಡೂ ಕಡೆ ಒಂದೇ ದಿನ ಬಾಗಿಲು ಹಾಕುತ್ತದೆ, ತೆಗೆಯುವಾಗ ಮೂರು ದಿನದ ವ್ಯತ್ಯಾಸ.

ಬಂಗಾಳ ಕೊಲ್ಲಿಯ ಮೀನುಗಾರಿಕೆಗೆಂದೇ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಸೇರಿದ ಒಂದು ಸರಕಾರಗಳ ಸಂಸ್ಥೆ ಇದೆ, ಕಚೇರಿ ಚೆನ್ನೈಯಲ್ಲಿ. ಅದರ ವರದಿಗಳನ್ನು ಓದು. ತಮಿಳುನಾಡು, ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಯ ಜಗಳವನ್ನೂ ಪ್ರಬಂಧದಲ್ಲಿ ಸೇರಿಸು. ಶ್ರೀಲಂಕಾ 2017ರಲ್ಲಿ ತಳ ಕೆರೆಯುವ ಟ್ರಾಲ್ ಬಲೆಯನ್ನು ಕಾನೂನು ಮಾಡಿ ನಿಲ್ಲಿಸಿತು, ತಮಿಳುನಾಡಿನ ಕಡೆ ಅದೇ ಬಲೆ ಮುಂದುವರಿಯಿತು. ಬೋಟು ಹಿಡಿಯುವುದು, ಜೈಲು, ಬಿಡುಗಡೆಗೆ ಪತ್ರ, ಇದೇ ನಡೆಯುತ್ತಿದೆ. ಎರಡೂ ದಡದಲ್ಲಿ ತಮಿಳು ಮಾತಾಡುವ ಬಡ ಮೀನುಗಾರರೇ ಇರುವುದು. ಆ ಸುದ್ದಿ ಓದುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪ್ರಶ್ನೆ: ಮೀನಿನ ಮರಿ ಕೊಳ್ಳಬೇಡಿ ಅಂತ ಬರೆದಿದ್ದಿರಿ. ಸಣ್ಣ ಜಾತಿಯ ಮೀನು ಯಾವುದು, ಮರಿ ಯಾವುದು ಅಂತ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು? (ಗೃಹಿಣಿ, ಶಿವಮೊಗ್ಗ)

ಉತ್ತರ: ಎರಡೇ ಮೀನು ನೆನಪಿಟ್ಟುಕೊಳ್ಳಿ, ಸಾಕು. ಮೂತಿಯಿಂದ ಬಾಲದ ತುದಿಗೆ ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್. ಇದಕ್ಕಿಂತ ಗಿಡ್ಡ ಇದ್ದರೆ ಮರಿ ಅಂತಲೇ ಲೆಕ್ಕ. ಕೇರಳ ಕಾನೂನಿನಲ್ಲಿ ಇಟ್ಟ ಅಳತೆ ಇದು. ನಂತರ ಕರ್ನಾಟಕವೂ ಇಂಥ ನಿಯಮ ತಂದಿತು. ಮಾರ್ಕೆಟ್ಟಿಗೆ ಸ್ಕೇಲ್ ಹಿಡಿದು ಹೋಗುವುದು ಬೇಡ. ಪರ್ಸಿನಲ್ಲಿರುವ ಹೊಸ ನೂರರ ನೋಟು 14.2 ಸೆಂಟಿಮೀಟರ್ ಉದ್ದ. ಬಂಗುಡೆ ಅದಕ್ಕಿಂತ ಚಿಕ್ಕದಾ? ಬಿಟ್ಟುಬಿಡಿ. ಬೂತಾಯಿಗೆ ಎಟಿಎಂ ಕಾರ್ಡು ಇಟ್ಟು ನೋಡಿ. ಕಾರ್ಡಿನ ಉದ್ದಕ್ಕಿಂತ ಒಂದು ಬೆರಳಿನ ಅಗಲದಷ್ಟು ಜಾಸ್ತಿ ಇರಬೇಕು.

ಒಂದು ಘಟನೆ ಹೇಳುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ ಬೆಳಗಿನ ಜಾವ ಒಂದು ಬಂದರಿನಲ್ಲಿ ಲಾರಿಗೆ ತುಂಬುತ್ತಿದ್ದರು. ಬಕೆಟ್ಟಿಗೆ ಕೈ ಹಾಕಿದೆ. ಬೆರಳುದ್ದದ ಬಂಗುಡೆ ಮರಿ. ಬೆನ್ನಿನ ಮೇಲಿನ ಹಸಿರು ಗೆರೆ ಆಗಷ್ಟೇ ಮೂಡಿತ್ತು. ಕೋಳಿ ಆಹಾರಕ್ಕೆ, ಎಣ್ಣೆಗೆ ಹೋಗುವ ಮಾಲು ಅದು. ಕಿಲೋಗೆ ಸಿಗುತ್ತಿದ್ದುದು ಪುಡಿಗಾಸು. ಅದೇ ಮರಿ ಆರು ತಿಂಗಳು ಬೆಳೆದಿದ್ದರೆ ಒಂದೊಂದೂ ಒಬ್ಬರ ತಟ್ಟೆಗೆ ಆಗುತ್ತಿತ್ತು. ಇದು ಸರಿಯಲ್ಲ ಅಂದೆ. ‘ಇಲ್ಲಿ ಬೇಡ ಅಂದ್ರೆ ಗಡಿ ದಾಟಿ ಆಚೆ ಬಂದರಲ್ಲಿ ಇಳಿಸ್ತೇವೆ ಅಕ್ಕಾ’ ಅಂದ ಬೋಟಿನವ. ಜಗಳಕ್ಕೆ ಅಂದ ಮಾತಲ್ಲ, ಇದ್ದದ್ದನ್ನು ಹೇಳಿದ. ನಿಯಮ ಒಂದು ಬಂದರಿನಲ್ಲಿ ಇದ್ದು ಪಕ್ಕದಲ್ಲಿ ಇಲ್ಲದಿದ್ದರೆ ಹೀಗೇ ಆಗುವುದು.

ಬಲೆಯದೂ ಇದೇ ಕಥೆ. ಟ್ರಾಲ್ ಬಲೆಯ ಕೊನೆಯಲ್ಲಿ ಮೀನು ಸೇರುವ ಚೀಲ ಇರುತ್ತದೆ. ಅದರ ಕಣ್ಣು ವಜ್ರದ ಆಕಾರದ್ದಾದರೆ ಎಳೆಯುವಾಗ ಬಿಗಿದು ಮುಚ್ಚಿಕೊಳ್ಳುತ್ತದೆ, ಮರಿ ಹೊರಗೆ ಹೋಗಲ್ಲ. ಚೌಕದ ಕಣ್ಣು, 35 ಮಿಲಿಮೀಟರ್ ಹಾಕಿದರೆ ಎಳೆದರೂ ತೆರೆದೇ ಇರುತ್ತದೆ. ಮರಿಗಳು ಜಾರಿ ಉಳಿಯುತ್ತವೆ. ಇಷ್ಟು ಸಣ್ಣ ಬದಲಾವಣೆಗೆ ಬೇಕಾಗುವುದು ದೊಡ್ಡ ಯಂತ್ರವಲ್ಲ, ಎಲ್ಲ ಬೋಟಿನವರೂ ಹಾಕುತ್ತಾರೆ ಅನ್ನುವ ಭರವಸೆ.

ಪ್ರಶ್ನೆ: ರಾತ್ರಿ ಲೈಟ್ ಹಾಕಿ ಮೀನು ಹಿಡಿಯುವುದಕ್ಕೆ ಅನುಮತಿ ಇದೆಯಾ? (ಕಾರ್ಕಳ)

ಉತ್ತರ: ಇಲ್ಲ. 2017ರ ನವೆಂಬರ್ 10ರಂದು ಕೇಂದ್ರ ಸರಕಾರ ಅದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಅನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಕದ್ದುಮುಚ್ಚಿ ನಡೆಯುತ್ತದೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಬೆಳಕಿಗೆ ಮರಿ, ದೊಡ್ಡದು ಎಲ್ಲ ಒಟ್ಟಿಗೆ ಬರುತ್ತವೆ. ನಾಡದೋಣಿಯವರಿಗೆ ಮರುದಿನ ಏನೂ ಉಳಿದಿರಲ್ಲ.

ಪ್ರಶ್ನೆ: ಇಷ್ಟೆಲ್ಲ ಓದಿದ ಮೇಲೆ ಜೂನ್, ಜುಲೈನಲ್ಲಿ ಐಸ್ ಮೀನು ತರಲು ಮನಸ್ಸಾಗುತ್ತಿಲ್ಲ. ಏನು ತಿನ್ನೋದು ಅಂತ ನೀವೇ ಹೇಳಿ. (ಶಿರಸಿ)

ಉತ್ತರ: ನಾಡದೋಣಿಗೆ, 10 ಅಶ್ವಶಕ್ತಿಯ ಒಳಗಿನ ಎಂಜಿನ್ ಇರುವ ಸಣ್ಣ ದೋಣಿಗೆ ನಿಷೇಧದಿಂದ ವಿನಾಯಿತಿ ಇದೆ. ಕಡಲು ಸ್ವಲ್ಪ ಶಾಂತವಾದ ದಿನ ಅವರು ದಡದ ಹತ್ತಿರ ಬಲೆ ಬಿಡುತ್ತಾರೆ. ಅದು ಸಿಕ್ಕರೆ ಧೈರ್ಯವಾಗಿ ತನ್ನಿ, ಅವರ ಮನೆಗೂ ಮಳೆಗಾಲದಲ್ಲಿ ನಾಲ್ಕು ಕಾಸು ಬರಲಿ. ಸಿಗದಿದ್ದರೆ ನಮ್ಮ ಮನೆಯ ದಾರಿ ಒಣಮೀನು. ಮೇ ಬಿಸಿಲಿನಲ್ಲೇ ಒಣ ಸಿಗಡಿ ತಂದು ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಡಿ. ತಲೆ, ಬಾಲ ಮುರಿದು, ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಗರಿಗರಿ ಹುರಿಯಿರಿ. ಹಲಸಿನ ಬೀಜವನ್ನು ಜಜ್ಜಿ ಸಿಪ್ಪೆ ತೆಗೆದು ಬೇಯಿಸಿ. ತೆಂಗಿನಕಾಯಿ, ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಹುಣಸೆ ನುಣ್ಣಗೆ ರುಬ್ಬಿ ಬೀಜದ ಜೊತೆ ಕುದಿಸಿ. ಸಿಗಡಿಯನ್ನು ಕೊನೆಗೆ ಹಾಕಿ, ಜಾಸ್ತಿ ಕುದಿಸಬೇಡಿ. ಉಪ್ಪು ನೋಡಿಕೊಂಡು ಹಾಕಿ, ಒಣ ಸಿಗಡಿಯಲ್ಲೇ ಸ್ವಲ್ಪ ಇರುತ್ತದೆ. ಬಿಸಿ ಕುಚ್ಚಲಕ್ಕಿ ಗಂಜಿ ಪಕ್ಕದಲ್ಲಿರಲಿ.