ಹುಳ ಬಿಟಿ ಹತ್ತಿಗೆ ಒಗ್ಗಿಕೊಂಡಿತೇ?

ಪ್ರಶ್ನೆ: ಬಿಟಿ ಹತ್ತಿ ಬಂದ ಹೊಸದರಲ್ಲಿ ಕಾಯಿಗೆ ಹುಳ ಬೀಳುತ್ತಿರಲಿಲ್ಲ. ಈಗ ಕಾಯಿ ಒಡೆದರೆ ಒಳಗೆ ಗುಲಾಬಿ ಹುಳ. ‘ಬಿಟಿ ತಿಂದು ತಿಂದು ಹುಳಕ್ಕೆ ರೂಢಿಯಾಗಿದೆ’ ಎನ್ನುತ್ತಾರೆ ಊರವರು. ಪಿಯುಸಿ ಓದುವ ಮಗಳು ಅದು ತಪ್ಪು ಅನ್ನುತ್ತಾಳೆ. ಯಾರ ಮಾತು ಸರಿ?
– ರೈತ, ಬೈಲಹೊಂಗಲ ತಾಲ್ಲೂಕು

ಉತ್ತರ: ನಿಮ್ಮ ಮಗಳ ಮಾತೇ ಸರಿ. ರಂಜಕ ಉಂಡು ಉಂಡು ನಮ್ಮ ನಾಲಿಗೆ ಖಾರಕ್ಕೆ ಒಗ್ಗುತ್ತದೆ. ಆದರೆ ಹುಟ್ಟುವ ಕೂಸಿಗೆ ಆ ರೂಢಿ ಬರುವುದಿಲ್ಲ. ಹುಳದ ಕಥೆ ಬೇರೆಯೇ. ಬಿಟಿ ತಿಂದ ಹುಳಗಳು ಸತ್ತವು; ಉಳಿದ ಕೆಲವು ಹುಟ್ಟುವಾಗಲೇ ಬೇರೆಯಾಗಿದ್ದವು.

ಬಿಟಿ ಎಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾ; ಅದರ ಜೀನು ಸೇರಿಸಿದ ಹತ್ತಿಯೇ ಬಿಟಿ ಹತ್ತಿ. ಆ ಜೀನಿನಿಂದ ಗಿಡದಲ್ಲಿ ಆಗುವ ಪ್ರೋಟೀನು ಹುಳದ ಕರುಳಿನ ಗೋಡೆಗೆ ಅಂಟಿಕೊಂಡು ತೂತು ಮಾಡುತ್ತದೆ. ಅದು ಅಂಟುವ ಜಾಗವನ್ನು ರೂಪಿಸುವ ಜೀನಿನಲ್ಲಿ ಎಲ್ಲೋ ಒಂದು ಹುಳಕ್ಕೆ ಸಣ್ಣ ಬದಲಾವಣೆ ಇರುತ್ತದೆ. ಸಾದಾ ಹತ್ತಿಯ ಕಾಲದಲ್ಲಿ ಅದರಿಂದ ಲಾಭವಿರಲಿಲ್ಲ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿ, ಹೊಲದ ತುಂಬ ಅದೇ ನಿಂತಾಗ ಆ ಹುಳವೊಂದೇ ಬದುಕಿ ಮರಿ ಮಾಡಿತು. ಗುಲಾಬಿ ಹುಳಕ್ಕೆ ಹತ್ತಿ ಬಿಟ್ಟರೆ ಬೇರೆ ಊಟವೂ ಹೆಚ್ಚಿಲ್ಲ. 2006ರಲ್ಲಿ ಎರಡು ಬಿಟಿ ಜೀನು ಸೇರಿಸಿದ ಹತ್ತಿ ಬಂತು. 2010ರ ಹೊತ್ತಿಗೆ ಮೊದಲ ಜೀನನ್ನು ಹುಳ ಗೆದ್ದದ್ದು ಗುಜರಾತಿನಲ್ಲಿ ಕಂಡಿತು; ಮುಂದೆ ಎರಡನೆಯದನ್ನೂ ಗೆದ್ದಿತು. ನಿಸರ್ಗದ ಆಯ್ಕೆ ಎಂದರೆ ಇದೇ.

ಬಿಟಿ ಪೊಟ್ಟಣದ ಜೊತೆ 120 ಗ್ರಾಂ ಸಾದಾ ಬೀಜ ಕೊಡುತ್ತಿದ್ದದ್ದು ನೆನಪಿದೆಯೇ? ಬಹಳ ಮಂದಿ ಅದನ್ನು ಬಿತ್ತಲೇ ಇಲ್ಲ. ನನಗೆ ಇಂದಿಗೂ ಸಂಕಟವಾಗುವುದು ಇದಕ್ಕೇ. ಬದಲಾದ ಜೀನು ತಾಯಿ, ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಹುಳ ಬಿಟಿಯನ್ನು ತಡೆದುಕೊಳ್ಳುತ್ತದೆ. ಸಾದಾ ಸಾಲಿನಲ್ಲಿ ಬೆಳೆದ ಪತಂಗಗಳು ಸಾಕಷ್ಟಿದ್ದರೆ, ಬಿಟಿ ಗೆದ್ದ ಪತಂಗಕ್ಕೆ ಜೋಡಿ ಅವುಗಳಲ್ಲೇ ಸಿಗುತ್ತದೆ. ಮರಿಗಳು ಬಿಟಿ ತಿಂದು ಸಾಯುತ್ತವೆ. ಅಮೆರಿಕದ ಅರಿಜೋನಾದಲ್ಲಿ ರೈತರು ಹೀಗೆ ಸಾಲು ಬಿಟ್ಟರು, ಮುಂದೆ ಬಂಜೆ ಪತಂಗಗಳನ್ನೂ ಹಾರಿಸಲಾಯಿತು. 2018ರಲ್ಲಿ ಆ ದೇಶ ಗುಲಾಬಿ ಹುಳದಿಂದ ಮುಕ್ತವೆಂದು ಘೋಷಿಸಿಕೊಂಡಿತು.

ಎಣ್ಣೆ ಹೊಡೆಯುವಾಗಲೂ ಒಂದೇ ಔಷಧಿಗೆ ಜೋತು ಬೀಳಬೇಡಿ, ಅಲ್ಲಿಯೂ ಇದೇ ಆಯ್ಕೆ ನಡೆಯುತ್ತದೆ. ಕೊನೆಯ ಬಿಡಿಕಾಯಿಯ ಆಸೆಗೆ ಬೆಳೆಯನ್ನು ಬೇಸಿಗೆವರೆಗೆ ನಿಲ್ಲಿಸಬೇಡಿ. ಹತ್ತಿ ಕಟ್ಟಿಗೆಯನ್ನು ಬದುವಿಗೆ ಒಟ್ಟಬೇಡಿ, ಅದರಲ್ಲುಳಿದ ಒಣ ಕಾಯಿಯೊಳಗೆ ಹುಳ ಮಲಗಿ ಮುಂದಿನ ಹಂಗಾಮಿಗೆ ಕಾಯುತ್ತದೆ. ಹೂ ಬಿಡುವಾಗ ಎಸಳು ಬಿಚ್ಚದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡ ಹೂ ಕಂಡರೆ ಮಗಳ ಕೈಲೇ ಬಿಡಿಸಿಸಿ. ಹುಳ ಒಳಗೇ ಇರುತ್ತದೆ.