ಸಂಪಾದಕರ ಉತ್ತರ: ಸಿವಿಲ್ ಓದಿದ ಮಗಳು ಸೈನ್ಯಕ್ಕೆ ಹೋದರೆ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಶಿವಮೊಗ್ಗದಲ್ಲಿ ಸಿವಿಲ್ ಬಿ.ಇ. ಕೊನೆಯ ವರ್ಷದಲ್ಲಿದ್ದಾಳೆ. ಸೈನ್ಯದಲ್ಲಿ ಎಂಜಿನಿಯರ್ ಆಗುತ್ತೇನೆ ಅನ್ನುತ್ತಾಳೆ. ಹತ್ತು ವರ್ಷ ಪರೇಡ್ ಮಾಡಿ ಬಂದರೆ ಓದಿದ್ದೆಲ್ಲ ಮರೆತುಹೋಗುವುದಿಲ್ಲವೇ? ಆಮೇಲೆ ಪಾಠ ಹೇಳುವ ಕೆಲಸವಾದರೂ ಸಿಕ್ಕೀತೇ?"

ಮರೆಯಲು ಪುರಸೊತ್ತೇ ಸಿಗುವುದಿಲ್ಲ. ಕೈಕೆಳಗೆ ಜನ, ಯಂತ್ರ, ಗಡುವು ಮೂರೂ ಸೈನ್ಯದ ಎಂಜಿನಿಯರ್‌ಗೆ ಬಹಳ ಚಿಕ್ಕ ವಯಸ್ಸಿಗೇ ಬರುತ್ತವೆ. 2024ರ ಜುಲೈ ಕೊನೆಯಲ್ಲಿ ವಯನಾಡಿನ ಗುಡ್ಡ ಕುಸಿದಾಗ ಚೂರಲ್‌ಮಲೆ–ಮುಂಡಕ್ಕೈ ನಡುವೆ 190 ಅಡಿ ಉದ್ದದ, 24 ಟನ್ ಭಾರ ತಡೆಯುವ ಬೈಲಿ ಸೇತುವೆಯನ್ನು (ಉಕ್ಕಿನ ಸಿದ್ಧ ಭಾಗಗಳನ್ನು ಸ್ಥಳದಲ್ಲೇ ಜೋಡಿಸುವ ಸೇತುವೆ) ಆಗಸ್ಟ್ 1ಕ್ಕೆ ಮುಗಿಸಿದ್ದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರ್ ಪಡೆ. ಅಲ್ಲಿ ಮುಂದೆ ನಿಂತು ನಡೆಸಿದವರಲ್ಲಿ ಮೇಜರ್ ಸೀತಾ ಶೆಳ್ಕೆ ಒಬ್ಬರು.

ಟಿವಿಯಲ್ಲಿ ಕಂಡದ್ದು ಜೋಡಣೆ ಮಾತ್ರ. ಸೇತುವೆಯ ಪಕ್ಕದ ಉಕ್ಕಿನ ಚೌಕಟ್ಟಾದ ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 5 ಅಡಿ ಎತ್ತರ, 260 ಕೆ.ಜಿ. ಆಸುಪಾಸು, ಆರು ಜನ ಹೊರಬೇಕು. ಪ್ಯಾನೆಲ್‌ಗೆ ಪ್ಯಾನೆಲ್ ಸೇರಿಸಿ ಪಿನ್ ಹೊಡೆದು, ಪಿನ್ನಿಗೆ ಸೇಫ್ಟಿ ಕ್ಲಿಪ್ ಹಾಕಿ, ಅಡ್ಡಕ್ಕೆ ಟ್ರಾನ್ಸಮ್ ಎಂಬ ತೊಲೆ ಕೂರಿಸಿ, ಓರೆಗೆ ಸ್ವೇ ಬ್ರೇಸ್ ಎಂಬ ಸರಳು ಬಿಗಿದು, ಈ ದಡದಲ್ಲೇ ಕಟ್ಟುತ್ತಾ ರೋಲರ್ ಮೇಲೆ ಆಚೆಗೆ ತಳ್ಳುತ್ತಾರೆ. ಮುಂದಿರುವುದು ಹಲಗೆ ಹಾಸದ ಹಗುರ ಮೂತಿ. ಅದು ಆಚೆ ದಡದ ರೋಲರ್ ಮುಟ್ಟುವವರೆಗೂ ಒಟ್ಟು ಭಾರದ ಕೇಂದ್ರ ಈಚೆ ರೋಲರ್‌ನ ಹಿಂದೆಯೇ ಉಳಿಯಬೇಕು. ಲೆಕ್ಕ ತಪ್ಪಿದರೆ ಮೂತಿ ಹೊಳೆಗೆ ಮುಗ್ಗರಿಸುತ್ತದೆ. ಚಾಚಿದ ತುದಿ ತನ್ನ ಭಾರಕ್ಕೇ ಬಾಗುವುದರಿಂದ ಲಾಂಚಿಂಗ್ ಲಿಂಕ್ ಎಂಬ ಕೊಂಡಿ ಹಾಕಿ ಮೂತಿಯನ್ನು ಮೊದಲೇ ಸ್ವಲ್ಪ ಮೇಲೆತ್ತಿರುತ್ತಾರೆ. ಎಡ ಬಲದ ರೋಲರ್ ಒಂದೇ ಮಟ್ಟಕ್ಕಿಲ್ಲದಿದ್ದರೆ ಸೇತುವೆ ಪಕ್ಕಕ್ಕೆ ಸರಿಯುತ್ತದೆ. ಅರ್ಧ ದಾರಿ ಹೋದ ಮೇಲೆ ಅದನ್ನು ಸಾಲಿಗೆ ತರುವುದು ಬಲು ಕಷ್ಟ.

ನಮ್ಮ ಮಲೆನಾಡಿನಲ್ಲಾದರೆ ಆ ರೋಲರ್ ಕೂರುವ ನೆಲವೇ ತಲೆನೋವು. ಮೇಲೆ ಜಂಬಿಟ್ಟಿಗೆ ಗಟ್ಟಿಯಾಗಿ ಕಾಣುತ್ತದೆ, ಅಡಿಯಲ್ಲಿ ಶೇಡಿ ಮಣ್ಣು. ಒಣಗಿದ್ದಾಗ ನಿಲ್ಲುವ ಶೇಡಿ ನೀರು ಕುಡಿದರೆ ಬಲ ಬಿಟ್ಟುಕೊಡುತ್ತದೆ. ಹಾಗಾಗಿ ಜಂಬಿಟ್ಟಿಗೆಯ ಪದರ ಸಿಕ್ಕಲ್ಲಿ ಅದನ್ನು ಅಗೆದು ತೂತು ಮಾಡದೆ, ಮರದ ದಿಮ್ಮಿಗಳನ್ನು ಹಾಸಿ ಭಾರ ಹರಡಬೇಕು. ಅದಕ್ಕೂ ಮೊದಲು ಗುಡ್ಡದ ಮೇಲ್ಗಡೆ ಅಗಳು ತೋಡಿ ನೀರನ್ನು ಬೇರೆ ಕಡೆ ತಿರುಗಿಸಬೇಕು. ಊರಿನ ಮೋರಿಯ ರೆಕ್ಕೆ ಗೋಡೆ (ಬಾಯಿಯ ಎರಡೂ ಬದಿ ಮಣ್ಣು ತಡೆಯುವ ಗೋಡೆ) ಆಷಾಢದಲ್ಲಿ ಬಿದ್ದಾಗ ಎಲ್ಲರೂ ಸಿಮೆಂಟನ್ನು ಬೈಯುತ್ತಾರೆ. ಹೆಚ್ಚಿನ ಸಲ ಆಗಿರುವುದು ಬೇರೆ: ಮೋರಿಯ ಹೊರಬಾಯಿಗೆ ಕಲ್ಲು ಹಾಸಿರುವುದಿಲ್ಲ, ನೀರು ಬುಡ ಕೊರೆದಿರುತ್ತದೆ. ಈ ನೆಲವನ್ನು ನೋಡಿಕೊಂಡೇ ಬೆಳೆದ ಹುಡುಗಿಗೆ ಹಿಮಾಲಯದ ರಸ್ತೆಯಲ್ಲೂ ಮೊದಲು ಕಣ್ಣು ಹೋಗುವುದು ನೀರಿನ ದಾರಿಯ ಕಡೆಗೇ. ಅದು ದೊಡ್ಡ ಆಸ್ತಿ.

ರಸ್ತೆಯ ಕೆಲಸ ಇರುವುದು 1960ರಲ್ಲಿ ಹುಟ್ಟಿದ ಗಡಿ ರಸ್ತೆ ಸಂಸ್ಥೆಯಲ್ಲಿ. ಸೈನ್ಯದ ಎಂಜಿನಿಯರ್‌ಗಳೂ ಅಲ್ಲಿಗೆ ನೇಮಕವಾಗುತ್ತಾರೆ. 2021ರಲ್ಲಿ ಉತ್ತರಾಖಂಡದ ಪೀಪಲ್‌ಕೋಟಿಯ ರಸ್ತೆ ನಿರ್ಮಾಣ ಕಂಪನಿಯೊಂದರ (ಆ ಸಂಸ್ಥೆಯದೇ ತುಕಡಿ) ಹೊಣೆ ಹೊತ್ತವರು ಮೇಜರ್ ಆಯಿನಾ. ಕಟ್ಟಡ, ನೀರು, ವಿದ್ಯುತ್ತಿನ ಕೆಲಸಗಳೆಲ್ಲ ಮಿಲಿಟರಿ ಎಂಜಿನಿಯರ್ ಸರ್ವೀಸಸ್‌ನದು.

ಈಗ ಪಾಠದ ವಿಚಾರ. ಸೈನ್ಯದೊಳಗೇ ಕಲಿಸುವ ಹುದ್ದೆಗಳಿವೆ, ಮುಖ್ಯವಾಗಿ ಪುಣೆಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್‌ನಲ್ಲಿ. ಹೊರಗಿನ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಇ. ಜೊತೆ ಎಂ.ಟೆಕ್ ಬೇಕು, ಎರಡರಲ್ಲೊಂದು ಪ್ರಥಮ ದರ್ಜೆ ಇರಬೇಕು. ಅನುಭವವೆಷ್ಟಿದ್ದರೂ ಎಂ.ಟೆಕ್ ಇಲ್ಲದೆ ಈ ಹುದ್ದೆ ಸಿಗದು. 15 ವರ್ಷದ ಅನುಭವಿಗಳಿಗೆ ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ದಾರಿ ತೆರೆದಿದೆ. ಅದಕ್ಕೆ ಪದವಿಯ ಕಟ್ಟಳೆ ಇಲ್ಲ, ಆದರೆ ಅವಧಿ ಸೀಮಿತ, ಹೆಚ್ಚೆಂದರೆ 4 ವರ್ಷ.

ನಿಮ್ಮ ನಿಜವಾದ ಆತಂಕ ಇಲ್ಲಿರಬೇಕು. ಎಂಜಿನಿಯರ್ ಪದವೀಧರೆಯರು ಸೇರುವುದು ಶಾರ್ಟ್ ಸರ್ವೀಸ್ ಟೆಕ್ನಿಕಲ್ ಎಂಬ ಸೀಮಿತ ಅವಧಿಯ ಅಧಿಕಾರಿ ಸೇವೆಯ ದಾರಿಯಲ್ಲಿ. ಸೇವೆ 10 ವರ್ಷ, ಬೇಕಿದ್ದರೆ ಇನ್ನು 4. ಇಷ್ಟಕ್ಕೆ ಹೊರಬಂದರೆ ಗ್ರಾಚ್ಯುಟಿ ಇದೆ, ಪಿಂಚಣಿ ಇಲ್ಲ. ಪಿಂಚಣಿಗೆ 20 ವರ್ಷ ಆಗಬೇಕು. ಕಾಯಂ ಆಗುವ ಅವಕಾಶ ಮಹಿಳೆಯರಿಗೂ ಇದೆ, 2020ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಗಟ್ಟಿ ಮಾಡಿತು. ಹಾಗಾಗಿ ಹತ್ತನೆಯ ವರ್ಷಕ್ಕೆ ತಲೆಕೆಡಿಸಿಕೊಳ್ಳದೆ ಐದನೆಯ ವರ್ಷದಲ್ಲೇ ತೀರ್ಮಾನಿಸಬೇಕು: ಕಾಯಂ ಆಗುವುದೋ, ಎಂ.ಟೆಕ್ ಮುಗಿಸಿ ಹೊರಬರುವುದೋ. ಎರಡನ್ನೂ ಮುಂದೂಡಿದವರಿಗೇ ಹೊರಗೆ ಕಷ್ಟವಾಗುವುದು. ಮಾಡಿದ ಕೆಲಸದ ಉದ್ದ, ಕಾಂಕ್ರೀಟ್ ಪ್ರಮಾಣ, ಕೈಕೆಳಗಿದ್ದ ಜನ, ಹಿಡಿದ ತಿಂಗಳು ಇವನ್ನು, ಗೋಪ್ಯತೆಯ ನಿಯಮ ಬಿಡುವಷ್ಟರ ಮಟ್ಟಿಗೆ, ಬರೆದಿಟ್ಟುಕೊಳ್ಳಲಿ. ನಿರ್ಮಾಣ ಕಂಪನಿಗಳು ಸಂದರ್ಶನದಲ್ಲಿ ಕೇಳುವುದು ಅದನ್ನೇ.

ಸೇರುವುದಕ್ಕೆ ವಯಸ್ಸು 20ರಿಂದ 27, ಅವಿವಾಹಿತೆಯಾಗಿರಬೇಕು. ಕೊನೆಯ ವರ್ಷದಲ್ಲೇ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ ಇಲ್ಲ, ಪದವಿಯ ಅಂಕ ನೋಡಿ ಅಧಿಕಾರಿಗಳನ್ನು ಆಯ್ದುಕೊಳ್ಳುವ ಸಂದರ್ಶನವಾದ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಒಂದು ಎಚ್ಚರಿಕೆ: ಸಿವಿಲ್ ಓದಿದ ಮಾತ್ರಕ್ಕೆ ಎಂಜಿನಿಯರ್ಸ್ ದಳವೇ ಸಿಗುತ್ತದೆಂಬ ಖಾತರಿಯಿಲ್ಲ, ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ದಳ ಸಿಕ್ಕರೂ ಸಿಕ್ಕೀತು. ಅದಕ್ಕೂ ಮನಸ್ಸು ಸಿದ್ಧವಿರಲಿ. ಎಸ್‌ಎಸ್‌ಬಿ ಐದು ದಿನದ್ದು. ಅದರಲ್ಲಿ ಹಲಗೆ, ಹಗ್ಗ, ಡ್ರಮ್ ಕೊಟ್ಟು ನೆಲ ಮುಟ್ಟದೆ ಗುಂಪಾಗಿ ದಾಟಿ ಎನ್ನುತ್ತಾರೆ. ಅಲ್ಲಿ ಅಳೆಯುವುದು ಯಾರು ಮೊದಲು ದಾಟಿದರು ಎಂಬುದನ್ನಲ್ಲ. ಹಲಗೆ ಎಲ್ಲಿಗೆ ಸಾಲುತ್ತದೆಂದು ಯಾರು ಸರಿಯಾಗಿ ಅಂದಾಜು ಮಾಡಿ ಉಳಿದವರನ್ನು ದಾಟಿಸಿದರು ಎಂಬುದನ್ನು.