ಓದುಗರ ಪ್ರಶ್ನೆ: ಬಯಲು ಉಳಿಸಲು ಆಕ್ಷೇಪಣೆ ಹೇಗೆ ಬರೆಯಬೇಕು?

ಪ್ರಶ್ನೆ: ನಮ್ಮ ಓಣಿ ಪಕ್ಕದ ಒಂದೂವರೆ ಎಕರೆ ಬಯಲು ಮಾಸ್ಟರ್ ಪ್ಲಾನ್‌ನಲ್ಲಿ ಉದ್ಯಾನಕ್ಕೆ ಅಂತ ಇದೆ. ಅದನ್ನು ವಾಣಿಜ್ಯ ಬಳಕೆಗೆ ಬದಲಿಸುತ್ತೇವೆ, 15 ದಿನದೊಳಗೆ ಆಕ್ಷೇಪಣೆ ಕೊಡಿ ಎಂದು ಪೇಪರಿನಲ್ಲಿ ಪ್ರಕಟಣೆ ಬಂದಿದೆ. ನಾಲ್ಕು ದಿನ ಆಗಲೇ ಹೋದವು. ಮಕ್ಕಳು ಆಡುವುದು, ಮೆಣಸಿನಕಾಯಿ ಒಣಹಾಕುವುದು, ಮೊಹರಂಗೆ ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ) ತೆಗೆಯುವುದು ಎಲ್ಲ ಅಲ್ಲೇ. ‘ಬರದು ಏನ್ ಮಾಡ್ತಿ, ಆಗೋದು ಆಗೇ ಆಗ್ತದ’ ಅನ್ನುತ್ತಾರೆ ಹಿರಿಯರು. ಬರೆಯಬೇಕೇ? ಏನಂತ?
– ಓದುಗರು, ರಾಯಚೂರು ಜಿಲ್ಲೆ

ಉತ್ತರ: ಬರೆಯಿರಿ. ನಾಳೆಗೆ ಇಡಬೇಡಿ.

ಭೂಮಾಪಕನಾಗಿ ಮಾನ್ವಿ, ಲಿಂಗಸುಗೂರು ಕಡೆ ಚೈನು ಹಿಡಿದು ತಿರುಗಿದವನು ನಾನು. ಒಂದು ಊರಲ್ಲಿ ಮನೆ ನಿವೇಶನಕ್ಕೆ ಜಾಗ ಅಳೆಯುತ್ತಿದ್ದೆ. ತಲೆ ಮೇಲೆ ಕಣಿಕಿ ಹೊರೆ ಹೊತ್ತ ಮುದುಕಿಯೊಬ್ಬಳು ಬಾಂದುಗಲ್ಲಿನ ಹತ್ತಿರ ನಿಂತು, ‘ತಮ್ಮಾ, ಉತ್ತರಿ ಮಳಿ ಬಿದ್ರ ನೀರು ಇಲ್ಲೇ ಹಾದು ಹೋಗ್ತದ’ ಅಂದಳು. ನಕ್ಷೆಯಲ್ಲಿ ಹಳ್ಳ ಇರಲಿಲ್ಲ. 33 ಅಡಿಯ ಚೈನು ಎಳೆದೆ, ಗುಂಟೆ ಲೆಕ್ಕ ಬರೆದುಕೊಂಡೆ, ಮುಂದಿನ ಕಲ್ಲಿಗೆ ಹೋದೆ. ಮೂರನೇ ವರ್ಷ ಆ ಮನೆಗಳಲ್ಲಿ ಮೊಳಕಾಲುಮಟ್ಟ ನೀರು ನಿಂತಿತು, ಜೋಳದ ಚೀಲ ತೊಯ್ದು ಮೊಳಕೆ ಒಡೆದವು. ಆಕೆಯ ಮಾತು ನನ್ನ ಕಿವಿಗೆ ಬಿದ್ದಿತ್ತು, ಕಡತಕ್ಕೆ ಬಿದ್ದಿರಲಿಲ್ಲ. ಇಂದಿಗೂ ಅದು ನನ್ನನ್ನು ಕಾಡುತ್ತದೆ. ನಿಮ್ಮ ಬಯಲಿನ ವಿಷಯ ಹಾಗಾಗಬಾರದು.

ಈ ಪ್ರಕಟಣೆ ಯಾರೋ ಉಪಕಾರಕ್ಕೆ ಹಾಕಿದ್ದಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಭೂ ಬಳಕೆ ಬದಲಿಸುವ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕರೆಯಲೇಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿಯೇ ಇರಬೇಕು. ನೀವು ಹಿಡಿಯಬೇಕಾದ ಎಳೆ ಈ ‘ಸಾರ್ವಜನಿಕ ಹಿತ’. ಮೊದಲು ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ಮಾಸ್ಟರ್ ಪ್ಲಾನ್ ನಕ್ಷೆ ನೋಡಿ. ಉದ್ಯಾನ ಹಸಿರು, ವಾಣಿಜ್ಯ ನೀಲಿ. ನಿಮ್ಮ ಸರ್ವೆ ನಂಬರಿನ ಮೇಲೆ ಬೆರಳಿಟ್ಟು, ವಿಸ್ತೀರ್ಣ ಪ್ರಕಟಣೆಯದಕ್ಕೆ ತಾಳೆಯಾಗುತ್ತದೆಯೇ ನೋಡಿಕೊಳ್ಳಿ.

ಆಮೇಲೆ ಪತ್ರ. ‘ನಮ್ಮ ತೀವ್ರ ವಿರೋಧವಿದೆ’ ಎಂಬ ಒಂದೇ ಸಾಲಿಗೆ ನೂರು ಸಹಿ ಹಾಕಿಸಿದರೆ ಅದು ಒಂದು ಆಕ್ಷೇಪಣೆ ಅನ್ನಿಸಿಕೊಳ್ಳುತ್ತದೆ, ಅಷ್ಟೇ. ಮೆಣಸಿನಕಾಯಿ ಹರಡುವ ಹೆಣ್ಣುಮಕ್ಕಳು ಎಷ್ಟು ಮನೆಯವರು, ಯಾವ ತಿಂಗಳು ಎಂದು ಅವರೇ ಬರೆಯಲಿ. ಬರೆಯಲು ಬಾರದವರು ಹೇಳಲಿ, ನೀವು ಬರೆದು ಹೆಬ್ಬೆಟ್ಟು ಹಾಕಿಸಿ. ಅಲಾಯಿ ಕುಣಿ ಎಲ್ಲಿ ತೆಗೆಯುತ್ತಾರೆ, ಯಾವ ಬೇವಿನ ಮರದಿಂದ ಎಷ್ಟು ಹೆಜ್ಜೆ ಎಂದು ಕೈನಕ್ಷೆಯಲ್ಲೇ ತೋರಿಸಿ. ಮಳೆನೀರು ಎತ್ತ ಹರಿಯುತ್ತದೆ ಎಂಬುದನ್ನು ದಯವಿಟ್ಟು ಮರೆಯಬೇಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. ಮುಂದೆ ನಿಮ್ಮ ಆಕ್ಷೇಪಣೆ ಏನಾಯಿತು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಲು ಆ ಸೀಲೇ ಆಧಾರ.

ಹಿರಿಯರಿಗೆ ಒಂದು ಮಾತು ಹೇಳಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗ ಖಾಸಗಿ ಆಸ್ಪತ್ರೆಗೆ ಹೋಗುವುದರಲ್ಲಿತ್ತು. ಬಡಾವಣೆಯ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಪಕ್ಕದಲ್ಲಿ ವಾಸಿಸುವವರಿಗೆ ಕೇಳುವ ಹಕ್ಕಿದೆ ಎಂದೂ ಹೇಳಿತು.

ನಿಮಗಿನ್ನೂ 11 ದಿನ ಇವೆ. ಸಂಜೆ ಬಯಲಲ್ಲೇ ಚಾಪೆ ಹಾಸಿ ಕೂತು ಬರೆಯಿರಿ.

ಪ್ರಶ್ನೆ: ಗ್ರಾಮಸಭೆಗೆ ನಾವು ಹೆಂಗಸರು ಹೋದರೆ ‘ನಿಮ್ಮದೇನು ಇಲ್ಲಿ’ ಅನ್ನುತ್ತಾರೆ.
– ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ನೀವಿಲ್ಲದೆ ಆ ಸಭೆ ಪೂರ್ತಿ ಆಗುವುದಿಲ್ಲ ಅನ್ನಿ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸಭೆಗೆ ಬಂದವರಲ್ಲಿ ಕನಿಷ್ಠ ಶೇ. 30 ಮಹಿಳೆಯರು ಇರಬೇಕು. ಹತ್ತು ಜನ ಒಟ್ಟಿಗೆ ಹೋಗಿ, ಮುಂದಿನ ಸಾಲಲ್ಲಿ ಕೂಡಿ, ಮಾತಾಡಿದ್ದು ನಡಾವಳಿ ಪುಸ್ತಕದಲ್ಲಿ ಬರೆದಾದ ಮೇಲೇ ಏಳಿ.